ಅಮೆರಿಕದಲ್ಲಿ ಪೊಲೀಸರಿಗೆ ‘ದಿನಕ್ಕೆ ಇಷ್ಟು ಸ್ಪೀಡಿಂಗ್ ಟಿಕೆಟ್’ (ಅತಿವೇಗಕ್ಕೆ ಬರೆಯುವ ದಂಡದ ಚೀಟಿ) ಅಂತ ನಿಜವಾಗಿ ಟಾರ್ಗೆಟ್ ಇರುತ್ತಾ?

ಎಲ್ಲ ಊರಲ್ಲೂ ಇರುತ್ತದೆ ಎನ್ನಲು ಆಗುವುದಿಲ್ಲ. ಆದರೆ ಈ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಫ್ಲಾರಿಡಾದ ವಾಲ್ಡೊ ಎಂಬ ಪುಟ್ಟ ಊರನ್ನೇ ನೋಡಿ. ಅಲ್ಲಿ ಹಾದುಹೋಗುವ 301ನೇ ಹೆದ್ದಾರಿಯಲ್ಲಿ ವೇಗದ ಮಿತಿ ಸ್ವಲ್ಪ ದೂರದಲ್ಲೇ ಮತ್ತೆ ಮತ್ತೆ ಬದಲಾಗುತ್ತಿತ್ತು. 65 ಮೈಲಿ ವೇಗದಲ್ಲಿ ಬಂದವರು ಬೋರ್ಡ್ ನೋಡಿ ಬ್ರೇಕ್ ಒತ್ತುವಷ್ಟರಲ್ಲಿ ಸಿಕ್ಕಿಬೀಳುತ್ತಿದ್ದರು.

2014ರಲ್ಲಿ ಅಲ್ಲಿನ ಪೊಲೀಸರೇ ನಗರಸಭೆಯ ಮುಂದೆ ನಿಂತು ದೂರು ಕೊಟ್ಟರು: 12 ಗಂಟೆಯ ಪಾಳಿಯಲ್ಲಿ 12 ಟಿಕೆಟ್ ಬರೆಯಲೇಬೇಕು ಎಂದು ಮೇಲಧಿಕಾರಿ ಹೇಳಿದ್ದಾರೆ ಎಂದು. ಊರಿನ ಆದಾಯದಲ್ಲಿ ದೊಡ್ಡ ಪಾಲು ದಂಡದ್ದೇ ಆಗಿತ್ತು. ಅತಿವೇಗಕ್ಕೆ ದಂಡ ಬೇಕೇ ಬೇಕು. ಆದರೆ ತಪ್ಪು ನಡೆಯುವ ಮೊದಲೇ ಲೆಕ್ಕ ಗೊತ್ತುಮಾಡುವುದು ಅನ್ಯಾಯ, ಅಲ್ವಾ?

ಅದೇ ವರ್ಷ ಊರಿನ ಪೊಲೀಸ್ ಇಲಾಖೆಯನ್ನೇ ಮುಚ್ಚಿದರು. 2015ರಲ್ಲಿ ಫ್ಲಾರಿಡಾ ಇಂಥ ಟಾರ್ಗೆಟ್‌ಗಳನ್ನು ಕಾನೂನಿನಲ್ಲೇ ನಿಷೇಧಿಸಿತು.