ಫೋಟೋ ಪ್ರಶ್ನೋತ್ತರ: ಬೆಳ್ಳಕ್ಕಿ ಬೂದಾಯಿತು, ಕರಿನಾಯಿಯೂ ಬೂದಾಯಿತು!

ಈ ಸಲ ಬಂದ ಪತ್ರಗಳೆಲ್ಲ ಹೆಚ್ಚುಕಡಿಮೆ ಬೆಳಕಿನ ಬಗ್ಗೆಯೇ. ಒಂದೇ ಥರದವನ್ನು ಒಟ್ಟಿಗೆ ಸೇರಿಸಿ ಉತ್ತರಿಸಿದ್ದೇನೆ. ಚಿತ್ರ ಕಳಿಸುವವರು ದಯವಿಟ್ಟು ಎಡಿಟ್ ಮಾಡದ ಮೂಲ ಫೈಲನ್ನೂ ಜೊತೆಗಿಡಿ. ಎಡವಟ್ಟು ಆದದ್ದು ತೆಗೆಯುವಾಗಲೋ ತಿದ್ದುವಾಗಲೋ ಎಂದು ಅದನ್ನು ನೋಡದೆ ಹೇಳುವುದು ಕಷ್ಟ.

ಪ್ರಶ್ನೆ: ಮೇಡಂ, ಬೆಳ್ಳಕ್ಕಿಯೊಂದು ತೀರಾ ಹತ್ತಿರ ಸಿಕ್ಕಿತು. ಚೌಕಟ್ಟಿನ ತುಂಬ ಅದೇ. ಮನೆಗೆ ಬಂದು ನೋಡಿದರೆ ಮಾಸಿದ ಬಟ್ಟೆಯ ಹಾಗೆ ಬೂದುಬೂದು. ನಮ್ಮ ಕರಿನಾಯಿಯನ್ನು ಹತ್ತಿರದಿಂದ ತೆಗೆದರೆ ಅದೂ ಬೂದು. ಕ್ಯಾಮೆರಾ ಕೆಟ್ಟಿದೆಯೇ?

ಉತ್ತರ: ಕ್ಯಾಮೆರಾ ನೆಟ್ಟಗಿದೆ, ರಿಪೇರಿಗೆ ಕೊಡಬೇಡಿ. ಒಳಗಿರುವ ಮೀಟರ್ ಅಳೆಯುವುದು ಎಷ್ಟು ಬೆಳಕು ಬರುತ್ತಿದೆ ಎಂಬುದನ್ನು. ಎದುರಿಗಿರುವುದು ಬಿಳಿ ಹಕ್ಕಿಯೋ ಕರಿ ನಾಯಿಯೋ, ಅದರ ಲೆಕ್ಕಕ್ಕಿಲ್ಲ. ಯಾವ ದೃಶ್ಯವಾದರೂ ಸರಾಸರಿಯಲ್ಲಿ ನಡುಮಟ್ಟದ ಬೂದಿಗೆ ಬಂದು ನಿಲ್ಲಬೇಕು ಎಂಬುದು ಅದರ ನಂಬಿಕೆ. ಬೆಳಕಿನ ಶೇ. 18ರಷ್ಟನ್ನು ಹಿಂದಕ್ಕೆ ಚೆಲ್ಲುವ ಗ್ರೇ ಕಾರ್ಡನ್ನು ನೀವು ನೋಡಿರಬಹುದು. ಹೆಚ್ಚುಕಡಿಮೆ ಆ ಬೂದು. ಚೌಕಟ್ಟೆಲ್ಲ ಬಿಳಿಯಾದಾಗ ಮೀಟರ್ ‘ಬೆಳಕು ಜಾಸ್ತಿಯಾಯಿತು’ ಎಂದು ತಗ್ಗಿಸುತ್ತದೆ. ಎಲ್ಲ ಕಪ್ಪಾದಾಗ ‘ಸಾಲದು’ ಎಂದು ಏರಿಸುತ್ತದೆ. ಎರಡೂ ಬೂದಿಗೇ ಬಂದು ಸೇರುತ್ತವೆ. ಈಗಿನ ಮೀಟರುಗಳು ಸ್ವಲ್ಪ ಜಾಣತನ ಕಲಿತಿವೆ ನಿಜ, ಆದರೂ ಪೂರ್ತಿ ನಂಬುವಷ್ಟಲ್ಲ.

ನಿಮ್ಮ ಕ್ಯಾಮೆರಾದಲ್ಲಿ + ಮತ್ತು − ಗುರುತಿನ ಒಂದು ಗುಂಡಿಯಿದೆ. ಅದು ಎಕ್ಸ್‌ಪೋಷರ್ ಕಾಂಪನ್ಸೇಷನ್. ಬಿಳಿ ತುಂಬಿದ್ದರೆ +1ರಿಂದ ಶುರುಮಾಡಿ, ಬೇಕಿದ್ದರೆ ಇನ್ನೂ ಸ್ವಲ್ಪ ಏರಿಸಿ. ಕರಿನಾಯಿಗೆ −1. ಈ ಒಂದೊಂದು ಅಂಕಿಗೆ ಒಂದು ಸ್ಟಾಪ್ ಎನ್ನುತ್ತಾರೆ. ಒಂದು ಸ್ಟಾಪ್ ಏರಿಸಿದರೆ ಬೆಳಕು ಇಮ್ಮಡಿ, ಇಳಿಸಿದರೆ ಅರ್ಧ. ಮೊದಮೊದಲು ಇದು ತಲೆಕೆಳಗು ಅನ್ನಿಸುತ್ತದೆ. ಬೆಳ್ಳಗಿರುವುದಕ್ಕೆ ಮತ್ತಷ್ಟು ಬೆಳಕು ಸುರಿಯುವುದೇ? ಹೌದು, ಬಿಳಿಯದು ಬಿಳಿಯಾಗಿಯೇ ಉಳಿಯಬೇಕೆಂದರೆ ಸುರಿಯಬೇಕು. ಪೂರ್ತಿ ಮ್ಯಾನ್ಯುಯಲ್ ಮೋಡಿನಲ್ಲಿದ್ದರೆ ಮಾತ್ರ ಆ ಗುಂಡಿಯನ್ನು ನೆಚ್ಚಬೇಡಿ, ಶಟರನ್ನೋ (ಬೆಳಕು ಒಳಬರುವ ಅವಧಿ) ಅಪರ್ಚರನ್ನೋ (ಲೆನ್ಸಿನೊಳಗಿನ ಕಂಡಿಯ ಅಗಲ) ನೀವೇ ತಿರುಗಿಸಬೇಕು.

ಇನ್ನೊಂದು ಮಾತು. ಅದೇ ಬೆಳ್ಳಕ್ಕಿ ದೂರದಲ್ಲಿ, ಕಪ್ಪು ನೀರಿನ ಮುಂದೆ ಚಿಕ್ಕದಾಗಿ ನಿಂತಿದ್ದರೆ ಕಥೆ ಪೂರಾ ಉಲ್ಟಾ. ಮೀಟರ್ ನೋಡುವುದು ನೀರನ್ನು. ಕಪ್ಪೆಂದು ಬೆಳಕು ಏರಿಸುತ್ತದೆ, ಹಕ್ಕಿ ಸುಟ್ಟುಹೋಗುತ್ತದೆ, ಅಂದರೆ ವಿವರವೆಲ್ಲ ಅಳಿಸಿ ಬರೀ ಬಿಳಿಯಾಗುತ್ತದೆ. ಅಲ್ಲಿ −1 ಬೇಕು. ‘ಬಿಳಿಗೆ ಪ್ಲಸ್’ ಎಂದು ಉರುಹೊಡೆಯುವವರು ಎಡವುವುದು ಇಲ್ಲೇ. ಹಕ್ಕಿಯ ಬಣ್ಣಕ್ಕಿಂತ ಮುಖ್ಯ, ಚೌಕಟ್ಟಿನಲ್ಲಿ ಹೆಚ್ಚು ಜಾಗ ಹಿಡಿದಿರುವುದು ಯಾವುದು ಎಂಬುದು.

ತೆಗೆದ ಕೂಡಲೇ ಚಿತ್ರವನ್ನು ದೊಡ್ಡದು ಮಾಡಿ ರೆಕ್ಕೆಯ ಮೇಲ್ಭಾಗ ನೋಡಿ. ಗರಿಯ ಎಳೆ ಎಳೆ ಕಾಣಬೇಕು. ಸುಣ್ಣ ಬಳಿದಂತಿದ್ದರೆ ಒಂದು ಹಂತ ಇಳಿಸಿ ಮತ್ತೆ ತೆಗೆಯಿರಿ. ಹೈಲೈಟ್ ವಾರ್ನಿಂಗ್ ಎಂಬ ಸೌಲಭ್ಯವಿದ್ದರೆ ಆನ್ ಮಾಡಿಟ್ಟುಕೊಳ್ಳಿ, ಸುಟ್ಟ ಜಾಗ ತಾನೇ ಮಿಣುಕಿ ತೋರಿಸುತ್ತದೆ. ಪರದೆಯ ಹೊಳಪನ್ನು ಮಾತ್ರ ನಂಬಬೇಡಿ. ಬಿಸಿಲಲ್ಲಿ ಎಲ್ಲ ಚಿತ್ರಗಳೂ ಕತ್ತಲಾಗಿ ಕಾಣುತ್ತವೆ, ಕತ್ತಲೆ ಕೋಣೆಯಲ್ಲಿ ಎಲ್ಲವೂ ಝಗಮಗ.

ಪ್ರಶ್ನೆ: ಅಜ್ಜಿ ಕಿಟಕಿಯ ಮುಂದೆ ಕೂತಿದ್ದರು. ಫೋನಿನಲ್ಲಿ ತೆಗೆದೆ. ಹೊರಗಿನ ಮರ ಚೆನ್ನಾಗಿದೆ, ಅಜ್ಜಿಯ ಮುಖ ಕಪ್ಪು. ಆ್ಯಪ್‌ನಲ್ಲಿ ಬ್ರೈಟ್‌ನೆಸ್ ಏರಿಸಿದರೆ ಮರ ಮಾಯ, ಮುಖದ ತುಂಬ ಕಾಳುಕಾಳು. ಇದಕ್ಕೇನಾದರೂ ಉಪಾಯವಿದೆಯೇ?

ಉತ್ತರ: ತೆಗೆದಾಗಿರುವ ಚಿತ್ರಕ್ಕೆ ಅರ್ಧ ಉಪಾಯವಿದೆ. ಬ್ರೈಟ್‌ನೆಸ್ ಮುಟ್ಟಬೇಡಿ, ಅದು ಮರವನ್ನೂ ಮುಖವನ್ನೂ ಒಟ್ಟಿಗೇ ಎತ್ತುತ್ತದೆ. ನೆರಳಿನ ಭಾಗವನ್ನು ಎತ್ತುವ ಶಾಡೋಸ್ ಎಂಬ ಸ್ಲೈಡರನ್ನು ನಿಧಾನಕ್ಕೆ ಬಲಕ್ಕೆ ಎಳೆಯಿರಿ, ಬೆಳಕಿನ ಭಾಗವನ್ನು ತಗ್ಗಿಸಲು ಹೈಲೈಟ್ಸನ್ನು ಎಡಕ್ಕೆ. ಸ್ನ್ಯಾಪ್‌ಸೀಡ್‌ನಂಥ ಆ್ಯಪ್‌ನಲ್ಲಾದರೆ ಸೆಲೆಕ್ಟಿವ್ ಎಂಬುದನ್ನು ಒತ್ತಿ ಮುಖದ ಮೇಲೆ ಚುಕ್ಕೆಯಿಟ್ಟು ಅಷ್ಟನ್ನೇ ಬೆಳಗಿಸಬಹುದು. ಆದರೆ ಆ ಕಾಳು ಪೂರ್ತಿ ಹೋಗದು. ಕತ್ತಲಲ್ಲಿದ್ದ ಮುಖದಿಂದ ಸೆನ್ಸರಿಗೆ ತಲುಪಿದ ಬೆಳಕೇ ಅಲ್ಪ. ಅದನ್ನು ಎಳೆದು ದೊಡ್ಡದು ಮಾಡಿದಾಗ ಜೊತೆಗಿದ್ದ ನಾಯ್ಸ್ (ಆ ಕಾಳುಕಾಳೇ) ಕೂಡ ಅಷ್ಟೇ ದೊಡ್ಡದಾಗುತ್ತದೆ.

ಜೆಪೆಗ್ ಫೈಲಿನಲ್ಲಿ ಒಂದೊಂದು ಮೂಲಬಣ್ಣಕ್ಕೂ 256 ಮೆಟ್ಟಿಲುಗಳಷ್ಟೇ. ರಾ ಎಂದರೆ ಸೆನ್ಸರ್ ಹಿಡಿದದ್ದನ್ನು ಹೆಚ್ಚುಕಡಿಮೆ ಹಾಗೇ ಉಳಿಸಿದ ಫೈಲು; 14 ಬಿಟ್‌ನ ರಾ ಫೈಲಿನಲ್ಲಿ 16,384. ನೆರಳನ್ನು ಎತ್ತುವ ಅಭ್ಯಾಸವಿರುವವರು ರಾ ಇಟ್ಟುಕೊಳ್ಳುವುದು ಇದಕ್ಕೇ. ಹಾಗಂತ ರಾ ಫೈಲೂ ಪವಾಡ ಮಾಡದು. ಪೂರ್ತಿ ಸುಟ್ಟ ಜಾಗದಲ್ಲಿ ಮಾಹಿತಿಯೇ ಇಲ್ಲ. ಹೈಲೈಟ್ಸ್ ಎಷ್ಟು ಎಳೆದರೂ ಬಿಳಿ ಹೋಗಿ ಬೂದು ಬರುತ್ತದೆ, ಎಲೆ ಬರುವುದಿಲ್ಲ. ಆದ್ದರಿಂದ ಎರಡೂ ಬೇಕಾದಾಗ ಬೆಳಕಿನ ಕಡೆಯನ್ನು ಉಳಿಸಿಕೊಂಡು ತೆಗೆಯಿರಿ, ನೆರಳನ್ನು ಆಮೇಲೆ ಎತ್ತಿಕೊಳ್ಳಬಹುದು. ಫೋನಿನ ಎಚ್‌ಡಿಆರ್ ಹಲವು ಫ್ರೇಮುಗಳನ್ನು ಬೆಸೆದು ಈ ಕೆಲಸವನ್ನು ತಾನೇ ಮಾಡುತ್ತದೆ, ಆಫ್ ಆಗಿದ್ದರೆ ಆನ್ ಮಾಡಿ.

ಆದರೆ ನನ್ನನ್ನು ಕೇಳಿದರೆ, ಅಜ್ಜಿಯ ಫೋಟೋದಲ್ಲಿ ಮರ ಯಾರಿಗೆ ಬೇಕು? ತೆಗೆಯುವಾಗ ಪರದೆಯ ಮೇಲೆ ಅವರ ಮುಖವನ್ನು ಮುಟ್ಟಿ, ಫೋನು ಮುಖಕ್ಕೆ ತಕ್ಕಂತೆ ಬೆಳಕು ಹೊಂದಿಸುತ್ತದೆ. ಕಿಟಕಿ ಬೆಳ್ಳಗಾದರೆ ಆಗಲಿ. ಅದಕ್ಕಿಂತ ಒಳ್ಳೆಯದು, ಕುರ್ಚಿಯನ್ನೇ ತಿರುಗಿಸುವುದು. ಕಿಟಕಿ ಅವರ ಬೆನ್ನಿಗಿರದೆ ಪಕ್ಕಕ್ಕಿರಲಿ. ಒಂದು ಕೆನ್ನೆಯ ಮೇಲೆ ಬೆಳಕು ಬಿದ್ದು ಇನ್ನೊಂದರ ಮೇಲೆ ಮೆಲ್ಲಗೆ ಕರಗಿದಾಗ ಸುಕ್ಕುಗಳೆಲ್ಲ ಎದ್ದು ಕಾಣುತ್ತವೆ. ಅಜ್ಜಿಗೆ ಸುಕ್ಕು ಇಷ್ಟವಿಲ್ಲದಿದ್ದರೆ ಮುಖವನ್ನು ನೇರ ಕಿಟಕಿಯ ಕಡೆಗೇ ಮಾಡಿಸಿ.

ಪ್ರಶ್ನೆ: ಹುಣ್ಣಿಮೆ ಚಂದ್ರ ಪ್ರತಿ ಸಲವೂ ಬಿಳಿ ಬಿಲ್ಲೆಯಾಗಿ ಬರುತ್ತಾನೆ, ಯಾಕೆ?

ಉತ್ತರ: ಕತ್ತಲ ಆಕಾಶ ನೋಡಿ ಮೀಟರ್ ಮೋಸಹೋಗುತ್ತದೆ. ಚಂದ್ರ ಬಿಸಿಲಲ್ಲಿರುವ ಬಂಡೆ, ಹಗಲಿನ ವಸ್ತು. ಅಪರ್ಚರ್ 11, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಂಕಿ) 100, ಶಟರ್ 1/125 ಸೆಕೆಂಡ್ ಇಟ್ಟು ನೋಡಿ, ಕಲೆಗಳು ಕಾಣುತ್ತವೆ. ಮಬ್ಬಿದ್ದರೆ ಬೆಳಕನ್ನು ಸ್ವಲ್ಪ ಏರಿಸಿ. ಮನೆ, ಮರ, ಚಂದ್ರ ಮೂರೂ ಒಂದೇ ಚಿತ್ರದಲ್ಲಿ ಬೇಕೆಂದರೆ ಕತ್ತಲಾಗುವವರೆಗೆ ಕಾಯದೆ ಮುಸ್ಸಂಜೆಯಲ್ಲೇ ತೆಗೆಯಿರಿ.

ಪ್ರಶ್ನೆ: ಎಡಿಟಿಂಗಿಗೆ ಕೂತರೆ ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯುವುದಿಲ್ಲ. ಫಿಲ್ಟರ್ ಹಾಕಿದರೆ ಗೆಳತಿಯರು ‘ಕ್ಯಾಲೆಂಡರ್ ಥರ ಇದೆ’ ಎಂದು ನಗುತ್ತಾರೆ.

ಉತ್ತರ: ಗೆಳತಿಯರ ಕಣ್ಣು ಚುರುಕಾಗಿದೆ. ನೀವು ಕಳಿಸಿದ ಸಂಜೆಯ ಚಿತ್ರದಲ್ಲಿ ಸ್ಯಾಚುರೇಶನ್ (ಬಣ್ಣದ ಗಾಢತೆ) ಎಷ್ಟೇರಿದೆಯೆಂದರೆ ಹುಲ್ಲಿಗೆ ಹಸಿರು ದೀಪ ಹಚ್ಚಿದಂತಿದೆ. ಮೂಲ ಫೈಲ್ ನೋಡಿದೆ. ಅದಕ್ಕೆ ಬೇಕಿದ್ದದ್ದು ಇಷ್ಟೇ: ದಿಗಂತ ಎಡಕ್ಕೆ ವಾಲಿದೆ, ನೆಟ್ಟಗೆ ಮಾಡಿ. ಬಲ ಅಂಚಿನಲ್ಲಿ ಯಾರದೋ ಅರ್ಧ ಮೊಣಕೈ ಇದೆ, ಕ್ರಾಪ್ ಮಾಡಿ. ಆಮೇಲೆ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿ ಕಾಣುವಂತೆ ಬಣ್ಣ ಸರಿಪಡಿಸುವುದು), ಆಮೇಲೆ ಎಕ್ಸ್‌ಪೋಷರ್ (ಒಟ್ಟು ಬೆಳಕು). ತೀರಾ ಕಪ್ಪು ಭಾಗಗಳ ಸ್ಲೈಡರ್ ಬ್ಲ್ಯಾಕ್ಸ್ ಒಂದಿಷ್ಟು ಇಳಿಸಿದರೆ ಮಂಕು ಹೋಗುತ್ತದೆ. ಹೆಚ್ಚಿನ ಚಿತ್ರಗಳಿಗೆ ಅಲ್ಲಿಗೇ ಕೆಲಸ ಮುಗಿಯಿತು.

ಇಷ್ಟಾದ ಮೇಲೂ ಬಣ್ಣ ಸಾಲದಿದ್ದರೆ ಸ್ಯಾಚುರೇಶನ್ ಬಿಟ್ಟು ವೈಬ್ರೆನ್ಸ್ ಬಳಸಿ. ಅದು ಮಂಕಾದ ಬಣ್ಣಗಳನ್ನು ಹೆಚ್ಚು ಎತ್ತುತ್ತದೆ, ಆಗಲೇ ಗಾಢವಾಗಿರುವುದನ್ನು ಅಷ್ಟಾಗಿ ಕೆಣಕುವುದಿಲ್ಲ. ಚಿತ್ರದಲ್ಲಿ ಮನುಷ್ಯರಿದ್ದರೆ ಚರ್ಮದ ಬಣ್ಣ ನೋಡುತ್ತ ಎಳೆಯಿರಿ. ಕಿತ್ತಳೆಗೆ ತಿರುಗಿತೆಂದರೆ ಹಿಂದಕ್ಕೆ ಬನ್ನಿ. ಒಂದು ಕಡೆ ಹಳದಿ ಬಲ್ಬ್, ಇನ್ನೊಂದು ಕಡೆ ಕಿಟಕಿಯ ಬೆಳಕು ಬಿದ್ದ ಮುಖವನ್ನು ಒಂದೇ ವೈಟ್ ಬ್ಯಾಲೆನ್ಸಿನಿಂದ ಸರಿಮಾಡಲಾಗದು, ಗುದ್ದಾಡಬೇಡಿ. ಬಲ್ಬ್ ಆರಿಸಿ ತೆಗೆಯುವುದೇ ಲೇಸು. ಮೂಲ ಫೈಲ್ ಎಂದೂ ಅಳಿಸಬೇಡಿ. ಜೆಪೆಗ್ಗನ್ನು ತಿದ್ದಿ ತಿದ್ದಿ ಸೇವ್ ಮಾಡಿದಷ್ಟೂ ಗುಣಮಟ್ಟ ಇಳಿಯುತ್ತದೆ.

ಪ್ರಶ್ನೆ: ಐಎಸ್‌ಒ 100 ಬಿಟ್ಟು ಮೇಲೆ ಹೋಗಲೇಬಾರದೆಂದು ಅಣ್ಣ ಹೇಳಿದ್ದಾನೆ. ಮನೆಯೊಳಗೆ ಓಡಾಡುವ ಮಗುವಿನ ಚಿತ್ರವೆಲ್ಲ ಅಲುಗಿಹೋಗಿವೆ.

ಉತ್ತರ: ಅಣ್ಣನ ಮಾತು ಟ್ರೈಪಾಡಿನ ಮೇಲೆ ನಿಂತ ಕ್ಯಾಮೆರಾಕ್ಕೆ, ಅಲುಗದ ವಸ್ತುವಿಗೆ ಸರಿ. ಓಡುವ ಮಗುವಿಗೆ ಶಟರ್ 1/250 ಆದರೂ ಬೇಕು. ಅಪರ್ಚರನ್ನು ಆಗುವಷ್ಟು ತೆರೆಯಿರಿ, ಉಳಿದ ಕೊರತೆಯನ್ನು ಐಎಸ್‌ಒ ತುಂಬಲಿ, 1600 ಆಗಲಿ 3200 ಆಗಲಿ. ನಾಯ್ಸನ್ನು ಎಡಿಟಿಂಗಿನಲ್ಲಿ ಬಹಳಷ್ಟು ತಗ್ಗಿಸಬಹುದು. ಅಲುಗಿದ ಮುಖಕ್ಕೆ ಶಾರ್ಪನ್ ಸ್ಲೈಡರ್ ಹಾಕಿದರೆ ಅದು ಇನ್ನೂ ಗಡುಸಾಗಿ ಅಲುಗಿದ್ದು ಕಾಣುತ್ತದೆ ಅಷ್ಟೆ. ಐಎಸ್‌ಒ 100ರಲ್ಲೊಂದು, 1600ರಲ್ಲೊಂದು ತೆಗೆದು ಅಣ್ಣನಿಗೂ ತೋರಿಸಿ.

ಪ್ರಶ್ನೆ: ಪರದೆಯ ಮೇಲೆ ಚೆಂದ, ಪ್ರಿಂಟ್ ಹಾಕಿಸಿದರೆ ಕತ್ತಲು.

ಉತ್ತರ: ನಿಮ್ಮ ಪರದೆಯ ಹೊಳಪು ಅತಿಯಾಗಿದೆ. ಅರ್ಧಕ್ಕೆ ಇಳಿಸಿ ಮತ್ತೆ ಎಡಿಟ್ ಮಾಡಿ. ದೊಡ್ಡ ಪ್ರಿಂಟಿಗೆ ಮೊದಲು ಒಂದು ಚಿಕ್ಕದನ್ನು ಹಾಕಿಸಿ, ಅದನ್ನು ಗೋಡೆಯಲ್ಲಿ ತೂಗುಹಾಕಲಿರುವ ಜಾಗದ ಬೆಳಕಿನಲ್ಲೇ ಹಿಡಿದು ನೋಡಿ.