ಬೇರೆ ಬೇರೆ ಟಿಕೆಟ್ ಮಾಡಿಸಿ ಅಪ್ಪ-ಅವ್ವನನ್ನು ಫ್ರಾಂಕ್‌ಫರ್ಟ್ ಮೇಲೆ ಕಳಿಸಬಹುದೇ?

ಬಾಗಲಕೋಟೆಯಿಂದ ಅಪ್ಪ-ಅವ್ವ ಮೊದಲ ಸಲ ಶಿಕಾಗೋಕ್ಕೆ ಹೊರಟಾರ, ಬೆಂಗಳೂರು–ಫ್ರಾಂಕ್‌ಫರ್ಟ್ ಒಂದು ಟಿಕೆಟ್, ಮುಂದಿಂದು ಇನ್ನೊಂದು ಮಾಡಿಸಿದ್ರ ರೊಕ್ಕ ಉಳೀತದ, ಮಾಡಿಸಲೇನ್ರಿ ಅಂತ ಕೇಳಿದ್ದೀರಿ.

ಬ್ಯಾಡ್ರಿ. ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಟಿಕೆಟ್ ಇದ್ದರೆ ಎಷ್ಟೋ ಸಲ ಬ್ಯಾಗು ಫ್ರಾಂಕ್‌ಫರ್ಟ್‌ವರೆಗೆ ಮಾತ್ರ ಹೋಗುತ್ತದೆ. ಅದನ್ನು ಬೆಲ್ಟಿನಿಂದ ಎತ್ತಿಕೊಳ್ಳಲು ಇಮಿಗ್ರೇಶನ್ ದಾಟಿ ಹೊರಗೆ ಬರಬೇಕು, ಹೊರಗೆ ಬರಲು ಷೆಂಗೆನ್ ವೀಸಾ (ಜರ್ಮನಿಯೂ ಸೇರಿದ ಯುರೋಪಿನ ದೇಶಗಳೊಳಗೆ ಕಾಲಿಡಲು ಬೇಕಾದದ್ದು) ಬೇಕು. ಅಮೆರಿಕದ ವೀಸಾ ಇದ್ದವರಿಗೆ ಟ್ರಾನ್ಸಿಟ್ ವೀಸಾ, ಅಂದರೆ ನಡುವೆ ವಿಮಾನ ಬದಲಿಸಲು ಬೇಕಾಗುವ ವೀಸಾ, ಬೇಡ, ನಿಜ. ಆದರೆ ಆ ರಿಯಾಯಿತಿ ವಿಮಾನ ನಿಲ್ದಾಣದ ಒಳಗೇ ಇದ್ದು ಮುಂದಿನ ವಿಮಾನ ಹತ್ತುವವರಿಗಷ್ಟೇ. ಬ್ಯಾಗು ಹೊರಗೆ, ಅವ್ವ ಒಳಗೆ ಅನ್ನೋ ಪರಿಸ್ಥಿತಿ ಬರುವುದು ಹೀಗೆ. ಮೇಲಾಗಿ ಮೊದಲ ವಿಮಾನ ತಡವಾದರೆ ಎರಡನೇ ಕಂಪನಿಗೆ ಸಂಬಂಧವೇ ಇಲ್ಲ, ಆ ಟಿಕೆಟ್ಟಿನ ರೊಕ್ಕ ಹೋದಂಗೆ.

ಬೆಂಗಳೂರು ಕೌಂಟರಿನಲ್ಲಿ ಬ್ಯಾಗಿಗೆ ಕಟ್ಟಿದ ಚೀಟಿ ನೋಡಲು ಹೇಳಿ. ದೊಡ್ಡ ಅಕ್ಷರದಲ್ಲಿ ಓಆರ್‌ಡಿ ಅಂತ ಇರಬೇಕು, ಅದು ಶಿಕಾಗೋ. ಎಫ್‌ಆರ್‌ಎ (ಫ್ರಾಂಕ್‌ಫರ್ಟ್) ಮಾತ್ರ ಇದ್ದರೆ ಅಲ್ಲೇ ನಿಂತು ಸರಿ ಮಾಡಿಸಬೇಕು. ಎರಡೂ ಬೋರ್ಡಿಂಗ್ ಪಾಸ್ ಅಲ್ಲೇ ತೆಗೆದುಕೊಳ್ಳಲಿ. ಶಿಕಾಗೋದಲ್ಲಿ ಇಮಿಗ್ರೇಶನ್ ಆದ ಮೇಲೆ ಬ್ಯಾಗು ಅವರೇ ಎತ್ತಿಕೊಳ್ಳಬೇಕು.

ಮಂಡಿನೋವು ಇದ್ದರೆ ವ್ಹೀಲ್‌ಚೇರ್ ಕೇಳಲು ನಾಚಿಕೆ ಬೇಡ. 48 ಗಂಟೆ ಮೊದಲೇ ಕಂಪನಿಗೆ ತಿಳಿಸಿ, ರೊಕ್ಕ ಕೊಡಬೇಕಿಲ್ಲ. ತಳ್ಳುವವರು ಸೆಕ್ಯುರಿಟಿ ದಾಟಿಸಿ ಗೇಟಿನವರೆಗೂ ಬಿಡುತ್ತಾರೆ, ಭಾಷೆ ಬಾರದ ಹಿರಿಯರಿಗೆ ಇದಕ್ಕಿಂತ ದೊಡ್ಡ ಆಸರೆ ಇಲ್ಲ. ನಡುವೆ ಕನಿಷ್ಠ 3 ಗಂಟೆ ಇಡಿ. ಫ್ರಾಂಕ್‌ಫರ್ಟ್‌ನಲ್ಲಿ ಮತ್ತೆ ತಪಾಸಣೆ ಇದೆ. ತುಪ್ಪ, ಉಪ್ಪಿನಕಾಯಿ, ಮೆತ್ತನೆ ಕುಂದಾ ಇವಕ್ಕೆಲ್ಲ ದ್ರವಕ್ಕಿರುವ 100 ಮಿ.ಲೀ. ಮಿತಿಯ ಲೆಕ್ಕ ಹಿಡಿಯಬಹುದು, ಕೈಚೀಲದಲ್ಲಿ ಬೇಡ. ಶೇಂಗಾ ಚಟ್ನಿಪುಡಿಯೂ 350 ಮಿ.ಲೀ. ಮೀರಿದರೆ ಅಮೆರಿಕದ ವಿಮಾನಕ್ಕೆ ಬಿಚ್ಚಿ ನೋಡುತ್ತಾರೆ. ದಾರಿಗೆ ಖಡಕ್ ರೊಟ್ಟಿ, ಕರದಂಟು ಸಾಕು. ಬಿಪಿ, ಶುಗರ್ ಗುಳಿಗೆ ಮೂರು ದಿನದ್ದಾದರೂ ಕೈಯಲ್ಲೇ ಇರಲಿ, ವೈದ್ಯರ ಚೀಟಿಯೂ.

ಇಷ್ಟಾಗಿಯೂ ವಿಮಾನ ತಪ್ಪಿದರೆ? ಹೊರಗೆ ಹೋಗುವ ಬಾಗಿಲ ಕಡೆ ಹೋಗದೆ ಸೀದಾ ಟ್ರಾನ್ಸ್‌ಫರ್ ಕೌಂಟರಿಗೆ ಹೋಗಬೇಕು. ಒಂದೇ ಟಿಕೆಟ್ ಆದರೆ ಮುಂದಿನ ವಿಮಾನದಲ್ಲಿ ಕೂರಿಸುವುದು ಕಂಪನಿಯ ಹೊಣೆ. ಅದೇ ಹೊತ್ತಿಗೆ ನೀವು ಇಲ್ಲಿಂದ ಕಂಪನಿಗೆ ಫೋನ್ ಹಚ್ಚಿ. ಕೌಂಟರಿನ ಸಾಲು ಸರಿಯುವುದರೊಳಗೆ ಫೋನಿನಲ್ಲಿ ಸೀಟು ಸಿಗುವುದುಂಟು. ಹೋಟೆಲ್ ಚೀಟಿ ಕೊಟ್ಟರೂ ವೀಸಾ ಇಲ್ಲದೆ ಹೊರಗಿನ ಹೋಟೆಲಿಗೆ ಹೋಗಲಾಗದು. ಒಳಗೇ ಊಟ, ಹೊದಿಕೆ, ಮಲಗುವ ಜಾಗ ಕೇಳಬೇಕು.

ಪರಿಹಾರದ ಮಾತು. ಯುರೋಪ್ ಒಕ್ಕೂಟದ ಕಂಪನಿಯ ವಿಮಾನವಾದರೆ, ಅಥವಾ ಯಾವ ಕಂಪನಿಯದಾದರೂ ಯುರೋಪ್ ಒಕ್ಕೂಟದಿಂದ ಹೊರಟ ವಿಮಾನ ತಡವಾದರೆ, ಆ ಒಕ್ಕೂಟದ 2004ರ 261ನೇ ನಿಯಮ ಅನ್ವಯಿಸುತ್ತದೆ. 3,500 ಕಿ.ಮೀ. ಮೀರಿದ ಪ್ರಯಾಣದಲ್ಲಿ ಶಿಕಾಗೋ ಮುಟ್ಟುವುದು 4 ಗಂಟೆ ತಡವಾದರೆ ತಲಾ 600 ಯೂರೋ. ಬಿರುಗಾಳಿಯಂಥ ಕಾರಣಕ್ಕೆ ಈ ರೊಕ್ಕ ಸಿಗದು, ಆದರೂ ಊಟ ಕೊಡಲೇಬೇಕು. ಅರ್ಜಿ ಊರಿಂದಲೇ ಆನ್‌ಲೈನ್ ಹಾಕಬಹುದು, ಬೋರ್ಡಿಂಗ್ ಪಾಸಿನ ಫೋಟೋ ತೆಗೆದಿಡಿ. ಬ್ಯಾಗು ಬರದಿದ್ದರೆ ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ ಅದರ ನಂಬರ್ ಪಡೆಯಿರಿ. ತಡವಾಗಿ ಸಿಕ್ಕ ಬ್ಯಾಗಿನ ಖರ್ಚು ಕೇಳಲು, ಕೈಗೆ ಬಂದ ದಿನದಿಂದ 21 ದಿನದೊಳಗೆ ಲಿಖಿತ ಅರ್ಜಿ ಹೋಗಬೇಕು.