2147483647 ಅನ್ನೋ ಸಂಖ್ಯೆಯಲ್ಲಿ ಏನು ವಿಶೇಷ?

214 ಕೋಟಿ 74 ಲಕ್ಷ 83 ಸಾವಿರದ 647. ನೋಡೋಕೆ ಯಾರದ್ದೋ ಫೋನ್ ನಂಬರ್ ಥರ ಇದೆ, ಅಲ್ವಾ? ಆದರೆ 31 ಎರಡುಗಳನ್ನು ಒಂದಕ್ಕೊಂದು ಗುಣಿಸಿ (ಅಂದರೆ ಎರಡರ 31ನೇ ಘಾತ) ಒಂದು ಕಳೆದರೆ ಸಿಗೋದು ಇದೇ. ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1 ಬಳಸಿ ಬರೆದರೆ ಸಾಲಾಗಿ 31 ಒಂದುಗಳು, ಒಂದೂ ಸೊನ್ನೆ ಇಲ್ಲ.

ಇದು ಅವಿಭಾಜ್ಯ ಸಂಖ್ಯೆ. ಘಾತ 31 ಅವಿಭಾಜ್ಯ ಆದ್ದರಿಂದ ಇದೂ ಹಾಗೇ ಅಂದುಕೊಳ್ಳಬೇಡಿ. 11 ಕೂಡ ಅವಿಭಾಜ್ಯವೇ, ಆದರೆ ಎರಡರ 11ನೇ ಘಾತದಲ್ಲಿ ಒಂದು ಕಳೆದರೆ 2047. ಅದು 23 × 89, ಮುರಿದುಬಿತ್ತು!

ಹಾಗಾದರೆ ಇದನ್ನು ಪರೀಕ್ಷಿಸೋದು ಹೇಗೆ? ವರ್ಗಮೂಲ ಸುಮಾರು 46341. ಅಲ್ಲಿವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸುತ್ತಾ ಕೂತರೆ ದಿನಗಟ್ಟಲೆ ಕೆಲಸ. ಇಲ್ಲೊಂದು ಒಳದಾರಿ ಇದೆ. ಇದನ್ನು ಭಾಗಿಸಬಲ್ಲ ಅವಿಭಾಜ್ಯವನ್ನು 62ರಿಂದ ಭಾಗಿಸಿದಾಗ ಶೇಷ 1 ಬರಲೇಬೇಕು. 8ರಿಂದ ಭಾಗಿಸಿದಾಗ 1 ಅಥವಾ 7 ಬರಬೇಕು. ಈ ಜರಡಿ ಹಿಡಿದರೆ 3, 5, 7 ಎಲ್ಲಾ ಉದುರಿಹೋಗುತ್ತವೆ. ಮೊದಲು ಉಳಿಯೋದೇ 311. ಭಾಗಿಸಿ ನೋಡಿ, ಶೇಷ 35. ಹೀಗೇ ಮುಂದುವರಿಯಬೇಕು. 1772ರಲ್ಲಿ ಗಣಿತಜ್ಞ ಆಯ್ಲರ್ ಇದು ಅವಿಭಾಜ್ಯ ಅಂತ ತೋರಿಸಿದ್ದ, ಕ್ಯಾಲ್ಕ್ಯುಲೇಟರ್ ಇಲ್ಲದೆ.

ಇದನ್ನು ಎರಡರ 30ನೇ ಘಾತದಿಂದ ಗುಣಿಸಿದರೆ ಒಂದು ಪರಿಪೂರ್ಣ ಸಂಖ್ಯೆ ಬರುತ್ತದೆ: 2305843008139952128. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ ಅದೇ ಸಂಖ್ಯೆ, 6 = 1 + 2 + 3 ಇದ್ದ ಹಾಗೆ.

ಪ್ರೋಗ್ರಾಮರ್‌ಗಳಿಗೆ ಇದು ಬೇರೆ ಕಾರಣಕ್ಕೆ ಪರಿಚಿತ. ಚಿಹ್ನೆ ಇರುವ (ಪ್ಲಸ್ ಅಥವಾ ಮೈನಸ್ ಆಗಬಲ್ಲ) 32 ಬಿಟ್‌ನ, ಅಂದರೆ 32 ಬೈನರಿ ಅಂಕಿಗಳ ಪೂರ್ಣಾಂಕದಲ್ಲಿ ಹಿಡಿಸೋ ಅತಿ ದೊಡ್ಡ ಬೆಲೆ ಇದು. 1970ರಿಂದ ಸೆಕೆಂಡು ಎಣಿಸುತ್ತಾ ಬಂದಿರುವ ಹಳೆ ವ್ಯವಸ್ಥೆಗಳು 2038ರ ಜನವರಿ 19ರಂದು, ನಮ್ಮ ಸಮಯ ಬೆಳಿಗ್ಗೆ 8:44:07ಕ್ಕೆ ಇಲ್ಲಿಗೆ ಬಂದು ಮುಟ್ಟುತ್ತವೆ.